ಕಮ್ಮಿ ಕಾಸಿನ ಕಾರು: ಮೂರು ಚಳಿಗಾಲ ಕಳೆದ ಮೇಲೆ

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ಮನೆಯಲ್ಲೇ ಕಟ್ಟುವ ಈ ಜಾತಿಯ ಕಾರಿಗೆ ಇಂಗ್ಲೆಂಡಿನಲ್ಲಿ ‘ಲೋಕಾಸ್ಟ್’ ಅನ್ನುತ್ತಾರೆ. ‘ಲೋಟಸ್’, ‘ಲೋ ಕಾಸ್ಟ್’ ಎರಡನ್ನೂ ಸೇರಿಸಿ ಹೊಸೆದ ಹೆಸರು. ಹಾಸನಕ್ಕೆ ಫೋನ್ ಮಾಡಿ ಹೇಳಿದಾಗ ಅಪ್ಪನ ಕಿವಿಗೆ ಬಿದ್ದದ್ದು ‘ಕಾಸು’ ಒಂದೇ.

“ಎಷ್ಟು ಕೊಟ್ಟೆ, ಅದನ್ನ ಹೇಳು ಮೊದ್ಲು.”

2,650 ಪೌಂಡ್ ಅಂದೆ. ಆ ಕಡೆ ಮಾತಿಲ್ಲ. ಮನಸ್ಸಿನಲ್ಲೇ ನೂರರಿಂದ ಗುಣಿಸುತ್ತಿದ್ದರು ಅಂತ ಕಾಣುತ್ತೆ. ವಿಡಿಯೊ ಕಾಲ್ ಮಾಡಿ ಗ್ಯಾರೇಜಿನ ಬಾಗಿಲೆತ್ತಿ ತೋರಿಸಿದೆ.

“ಏನೋ ಇದು, ಬಾಗಿಲೇ ಇಲ್ವಲ್ಲೋ?”

ಹೌದು, ಬಾಗಿಲಿಲ್ಲ. ಮೇಲೆ ಹೊದಿಕೆಯಿಲ್ಲ, ಹೀಟರ್ ಇಲ್ಲ, ರೇಡಿಯೊ ಇಲ್ಲ. ಡಿಕ್ಕಿ ಇರಬೇಕಾದ ಜಾಗದಲ್ಲಿ ಪೆಟ್ರೋಲ್ ಟ್ಯಾಂಕಿದೆ. ಕಾಗದಪತ್ರದ ಪ್ರಕಾರ ತೂಕ 590 ಕೆಜಿ, ಅಂದರೆ ನಮ್ಮ ಹಳೇ ಮಾರುತಿ 800ಗಿಂತ ಹಗುರ. ಆದರೆ ಬಾನೆಟ್ ಕೆಳಗೆ ಕೂತಿರೋದು ಫೋರ್ಡ್ ಸಿಯೆರಾದಿಂದ ಇಳಿಸಿದ ಎರಡು ಲೀಟರಿನ ಪಿಂಟೊ ಇಂಜಿನ್, ಸುಮಾರು ನೂರು ಕುದುರೆ. ಮಾರುತಿಗೆ ಮೂವತ್ತೇಳು ಇತ್ತು. ಇಷ್ಟು ಹೇಳಿದರೆ ಸಾಕು, ಯಾಕೆ ಕೊಂಡೆ ಅನ್ನೋದು ಅರ್ಥವಾಗುವವರಿಗೆ ಅರ್ಥವಾಗುತ್ತೆ. ನನ್ನ ಹೆಂಡತಿಗೆ ಇನ್ನೂ ಆಗಿಲ್ಲ.

ಡರ್ಬಿ, ಲೆಸ್ಟರ್ ಕಡೆಯ ಕನ್ನಡದವರಲ್ಲಿ ಇಬ್ಬರು ಮೂವರು ಈಗ ಇಂಥದ್ದೇ ಒಂದು ಹಳೇ ಗಾಡಿ ನೋಡುತ್ತಿದ್ದಾರೆ. ಸಿಕ್ಕಾಗಲೆಲ್ಲ ‘ಹೇಗಿದೆ, ಕೊಳ್ಳಬಹುದಾ’ ಅಂತ ಕೇಳುತ್ತಾರೆ. ಅವರಿಗೋಸ್ಕರ ಈ ರಿವ್ಯೂ.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. 1957ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ ‘ಸೆವೆನ್’ ಅನ್ನೋ ಪುಟ್ಟ ಕಾರು ತಂದಿತು. ಕಟ್ಟಿದ ಕಾರು ಕೊಂಡರೆ ಪರ್ಚೇಸ್ ಟ್ಯಾಕ್ಸ್. ಬಿಡಿಭಾಗಗಳ ಕಿಟ್ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಅದಿಲ್ಲ. ಜೋಡಿಸುವ ಸೂಚನೆ ಕೊಡೋ ಹಾಗಿರಲಿಲ್ಲವಂತೆ, ಅದಕ್ಕೆ ಬಿಚ್ಚುವ ಸೂಚನೆ ಅಚ್ಚು ಹಾಕಿಸಿ ಕೊಟ್ಟರು, ಹಿಂದಿನಿಂದ ಮುಂದಕ್ಕೆ ಓದಿಕೊಳ್ಳಿ ಅಂತ. ಇಲ್ಲಿನ ಹಳಬರು ಈ ಕತೆಯನ್ನ ಈಗಲೂ ನಕ್ಕೊಂಡು ಹೇಳುತ್ತಾರೆ. 1973ರ ಏಪ್ರಿಲ್‌ನಲ್ಲಿ ವ್ಯಾಟ್ ಬಂತು, ತೆರಿಗೆ ಉಳಿಸುವ ಆಟ ಮುಗಿಯಿತು. ಅದೇ ವರ್ಷ ಸೆವೆನ್ ಮಾಡುವ ಹಕ್ಕು ಕೇಟರ್‌ಹ್ಯಾಮ್‌ನವರ ಕೈಗೆ ಹೋಯಿತು. ಅವರು ಇವತ್ತಿಗೂ ಮಾಡುತ್ತಿದ್ದಾರೆ, ಆ ಬೆಲೆ ನನ್ನ ಸಂಬಳಕ್ಕೆ ಎಟುಕಲ್ಲ. ಲೋಕಾಸ್ಟ್ ಹುಟ್ಟಿದ್ದು 1996ರಲ್ಲಿ, ರಾನ್ ಚಾಂಪಿಯನ್ ಎಂಬುವರು 250 ಪೌಂಡಿನಲ್ಲಿ ಅಂಥದ್ದೇ ಕಾರನ್ನ ಮನೆಯಲ್ಲಿ ಕಟ್ಟೋದು ಹೇಗೆ ಅಂತ ಪುಸ್ತಕ ಬರೆದ ಮೇಲೆ. ಆ 250ರಲ್ಲಿ ನನಗೆ ನಾಲ್ಕು ಟೈರೂ ಬರಲಿಲ್ಲ, ಅದು ಬೇರೆ ಮಾತು.

ಹಾಗೆ ನೋಡಿದರೆ ಇದು ‘ಕಿಟ್’ ಕೂಡ ಅಲ್ಲ. ಪೆಟ್ಟಿಗೆಯಲ್ಲಿ ತುಂಬಿ ಯಾರೂ ಕಳಿಸಿದ್ದಲ್ಲ. ಒಂದಿಂಚಿನ ಚೌಕ ಕೊಳವೆ ತಂದು, ಕೊಯ್ದು, ವೆಲ್ಡ್ ಮಾಡಿ ಚಾಸಿ ಕಟ್ಟಿ, ಮಿಕ್ಕಿದ್ದನ್ನ ಗುಜರಿ ಫೋರ್ಡ್‌ಗಳಿಂದ ಕಿತ್ತು ಹಾಕಿದ್ದು. ನನ್ನ ಗಾಡಿಗೆ ಇಂಜಿನ್ನು, ಐದು ಗೇರಿನ ಗೇರ್‌ಬಾಕ್ಸು ಸಿಯೆರಾದವು. ಹಿಂದಿನ ಆಕ್ಸಲ್ ಹೌಸಿಂಗ್ ಎಸ್ಕಾರ್ಟ್‌ದು. ನೋಂದಣಿ ಸಂಖ್ಯೆ ‘ಕ್ಯೂ’ ಅಕ್ಷರದಿಂದ ಶುರುವಾಗುತ್ತೆ. ಹುಟ್ಟಿದ ವರ್ಷ ಇಂಥದ್ದೇ ಅಂತ ಹೇಳೋಕಾಗದ, ನಾಲ್ಕು ಮನೆ ಸಾಮಾನು ಸೇರಿದ ಗಾಡಿ ಅಂತ ಸರ್ಕಾರವೇ ಹಣೆ ಮೇಲೆ ಬರೆದುಕೊಟ್ಟ ಹಾಗೆ. ಫ್ಯಾನ್ಸಿ ನಂಬರ್ ಕೊಂಡು ಅದನ್ನ ಮುಚ್ಚಿಹಾಕೋಕೂ ಬಿಡಲ್ಲ.

ಕಟ್ಟಿದವರು ಯಾರೋ ನನಗೆ ಗೊತ್ತಿಲ್ಲ, ನಾನು ನಾಲ್ಕನೇ ಮಾಲೀಕ. ಗಾಡಿ ಜೊತೆ ಒಂದು ನೀಲಿ ಫೈಲು ಬಂತು. 2004ರಲ್ಲಿ ಎಸ್‌ವಿಎ ಪರೀಕ್ಷೆ (ಮನೆಯಲ್ಲಿ ಕಟ್ಟಿದಂಥ ಗಾಡಿಯನ್ನ ರಸ್ತೆಗೆ ಬಿಡೋ ಮುಂಚಿನ ಸರ್ಕಾರಿ ತಪಾಸಣೆ) ಪಾಸಾದ ಕಾಗದ, ವರ್ಷಕ್ಕೊಮ್ಮೆ ಗಾಡಿ ತಪಾಸಣೆ ಮಾಡಿ ಕೊಡುವ ಎಂಓಟಿಯ ಹಳೇ ಸರ್ಟಿಫಿಕೇಟುಗಳು, ಬೋಲ್ಟು ಕೊಂಡ ರಸೀದಿಗಳು. ಮೂರು ವರ್ಷ ಇದರ ಕೆಳಗೆ ಮಲಗಿದ ಮೇಲೆ ಆ ಮನುಷ್ಯನ ಪರಿಚಯ ಚೆನ್ನಾಗಿಯೇ ಆಗಿದೆ. ವೆಲ್ಡಿಂಗ್ ನೋಡಿದರೆ ಕೈ ಮುಗಿಯಬೇಕು. ಜೋಡಣೆಗಳಲ್ಲಿ ಎಲ್ಲೂ ಗಂಟಿಲ್ಲ, ತೂತಿಲ್ಲ, ಕಾಸು ಜೋಡಿಸಿದ ಹಾಗೆ ಒಂದರ ಮೇಲೊಂದು ಒರಗಿದ ಅಲೆಗಳು. ಅಲ್ಯೂಮಿನಿಯಂ ತಗಡನ್ನ ಉಕ್ಕಿನ ಕೊಳವೆಗೆ ರಿವೆಟ್ ಹೊಡೆಯೋ ಮುಂಚೆ ನಡುವೆ ಸೀಲೆಂಟ್ ಬಳಿದಿದ್ದಾರೆ. ಎರಡು ಲೋಹ ನೇರ ತಾಕಿ ನೀರು ಬಿದ್ದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತೆ, ಗಡಿಬಿಡಿಯಲ್ಲಿ ಕಟ್ಟಿದ ಗಾಡಿಗಳಲ್ಲಿ ನೀವು ಮೊದಲು ನೋಡೋದೇ ಅದನ್ನ. ನನ್ನದರಲ್ಲಿ ಇಪ್ಪತ್ತು ವರ್ಷ ಕಳೆದರೂ ಒಂದು ಚಿಟಿಕೆ ಇಲ್ಲ. ಪಿಂಟೊ ಎತ್ತರದ ಇಂಜಿನ್ ಆದ್ದರಿಂದ ಬಾನೆಟ್ ಮುಚ್ಚಲ್ಲ, ಅದಕ್ಕೆ ಅಲ್ಲಿ ಉಬ್ಬು ಬಡಿಯಬೇಕು. ಆ ಉಬ್ಬನ್ನ ಎಷ್ಟು ಚೆಂದ ಬಡಿದಿದ್ದಾರೆ ಅಂದರೆ ಕಾರ್ಖಾನೆಯದೇ ಅಂದುಕೊಂಡಿದ್ದೆ. ಚೂಪು ಅಂಚುಗಳಿಗೆ ಪರೀಕ್ಷೆಗೋಸ್ಕರ ಎಲ್ಲರೂ ರಬ್ಬರ್ ಬೀಡಿಂಗ್ ಸಿಕ್ಕಿಸುತ್ತಾರೆ, ಪಾಸಾದ ಮಾರನೇ ದಿನ ಕಿತ್ತು ಬಿಸಾಕುತ್ತಾರೆ. ಇವರು ಕಿತ್ತಿಲ್ಲ.

ಸೀಟಿನ ಕೆಳಗಿನ ತಗಡಿನಲ್ಲಿ ಪಕ್ಕಪಕ್ಕದಲ್ಲಿ ಎರಡು ತೂತು. ಒಂದರಲ್ಲಿ ಬೋಲ್ಟಿದೆ. ಇನ್ನೊಂದರ ಪಕ್ಕ ಪೆನ್ಸಿಲಿನಲ್ಲಿ ಇಂಗ್ಲಿಷಿನಲ್ಲಿ ಬರೆದಿದೆ, ‘ನಾಟ್ ದಿಸ್ ಒನ್’. ಇದಲ್ಲ ಅಂತ.

ಆದರೆ ಈ ಮಹಾಶಯರಿಗೆ ಕರೆಂಟಿನ ವಿಚಾರ ಒಂಚೂರೂ ಬರುತ್ತಿರಲಿಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಿದೆ, ಒಳಗೆ ಮೂವತ್ತೊಂದು ವೈರು. ಮೂವತ್ತೊಂದೂ ಕೆಂಪು. ಎಲ್ಲೋ ಒಂದು ದೊಡ್ಡ ಉಂಡೆ ಅಗ್ಗಕ್ಕೆ ಸಿಕ್ಕಿರಬೇಕು, ಹೆಡ್‌ಲೈಟಿಗೂ ಅದೇ, ಹಾರ್ನಿಗೂ ಅದೇ, ಅರ್ತಿಗೂ ಅದೇ. ಅರ್ತನ್ನಾದರೂ ಕಪ್ಪು ಮಾಡಬಾರದಿತ್ತಾ? ಕೊಂಡ ಹೊಸದರಲ್ಲಿ ಬ್ರೇಕ್ ಒತ್ತಿದರೆ ಎಡಗಡೆ ಇಂಡಿಕೇಟರ್ ಮಂಕಾಗಿ ಹತ್ತುತ್ತಿತ್ತು. ಇದು ಅರ್ತ್ ಸರಿಯಿಲ್ಲದ ಲಕ್ಷಣ. ಕರೆಂಟು ತನ್ನ ದಾರಿಯಲ್ಲಿ ವಾಪಸ್ ಹೋಗೋಕಾಗದೆ ಪಕ್ಕದ ಬಲ್ಬಿನೊಳಗೆ ನುಗ್ಗಿ ಹೋಗುತ್ತೆ. ಹಿಂದಿನ ದೀಪಗಳ ಅರ್ತನ್ನ ತಗಡಿನ ಒಂದು ರಿವೆಟ್ಟಿಗೆ ಕಟ್ಟಿದ್ದರು. ಆ ತಗಡಿಗೂ ಚಾಸಿಗೂ ನಡುವೆ ಮೇಲೆ ಹೊಗಳಿದ ಸೀಲೆಂಟ್! ಒಂದು ಕೈಯಲ್ಲಿ ಮಾಡಿದ ಒಳ್ಳೇ ಕೆಲಸವೇ ಇನ್ನೊಂದು ಕೈಯ ಕೆಲಸಕ್ಕೆ ಅಡ್ಡ ಬಂದಿತ್ತು.

ಆಸ್ಪತ್ರೆಯಲ್ಲಿ ನನಗೆ ಸಾಲಾಗಿ ನೈಟ್ ಶಿಫ್ಟ್, ಆಮೇಲೆ ಸಾಲಾಗಿ ರಜೆ. 2022ರ ಜನವರಿಯ ರಜೆಗಳೆಲ್ಲ ಮಲ್ಟಿಮೀಟರ್ ಹಿಡಿದು ಒಂದೊಂದೇ ವೈರು ಹುಡುಕುವುದರಲ್ಲೇ ಹೋದವು. ಪ್ರತಿಯೊಂದಕ್ಕೂ ಬಿಳಿ ಟೇಪು ಸುತ್ತಿ ಅ, ಆ, ಇ, ಈ ಅಂತ ಬರೆದೆ. ‘ಋ’ ಅಂದರೆ ರೇಡಿಯೇಟರ್ ಫ್ಯಾನು. ಅಕ್ಷರಗಳು ಮುಗಿದು ‘ಕ’ ವರ್ಗಕ್ಕೆ ಬಂದು, ‘ಣ’ ದಾಟಿದಾಗ ಕೆಲಸ ಮುಗಿಯಿತು. ಕೊನೆಗೆ ಆ ಇಡೀ ಕೆಂಪು ಜಡೆಯನ್ನೇ ಕಿತ್ತು, ಎಂಟು ಬಣ್ಣದ ವೈರು ತಂದು ಹೊಸದಾಗಿ ಎಳೆದೆ. ವೈರು, ಫ್ಯೂಸ್ ಬಾಕ್ಸು, ರಿಲೇ, ಕ್ರಿಂಪ್ ಮಾಡೋ ಇಕ್ಕಳ ಎಲ್ಲ ಸೇರಿ 210 ಪೌಂಡ್. ನೀವು ಗಾಡಿ ನೋಡೋಕೆ ಹೋದಾಗ ಡ್ಯಾಶಿನ ಕೆಳಗೆ ತಲೆ ತೂರಿಸಿ ನೋಡಿ. ಒಂದೇ ಬಣ್ಣ ಕಂಡರೆ ಮುನ್ನೂರು ಪೌಂಡ್ ಕಮ್ಮಿ ಮಾಡಿಸಿಕೊಳ್ಳಿ, ಇಲ್ಲವೇ ಚಹಾ ಕುಡಿದು ಎದ್ದು ಬನ್ನಿ.

ಟೈರುಗಳಲ್ಲಿ ಗೀರು ಹೊಸದರ ಹಾಗಿತ್ತು. ‘ಬಟನ್ ಫುಲ್ ಇದೆ’ ಅಂತ ಮಾರಿದವರು ಹೆಮ್ಮೆಯಿಂದ ತೋರಿಸಿದ್ದರು. ನಮ್ಮ ಅಜ್ಜ ದನದ ಜಾತ್ರೆಯಲ್ಲಿ ಎತ್ತಿನ ಮೈ ನೋಡುತ್ತಿರಲಿಲ್ಲ, ಬಾಯಿ ಅಗಲಿಸಿ ಹಲ್ಲು ನೋಡುತ್ತಿದ್ದರು. ಟೈರಿಗೂ ಹಲ್ಲಿದೆ: ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕೆ. ನನ್ನದರಲ್ಲಿ 2309 ಅಂತಿತ್ತು, 2009ರ ಇಪ್ಪತ್ತಮೂರನೇ ವಾರದ್ದು. ವರ್ಷಕ್ಕೆ ಸಾವಿರ ಮೈಲಿ ಓಡುವ ಗಾಡಿಯಲ್ಲಿ ಟೈರು ಸವೆಯಲ್ಲ, ಒಣಗಿ ಕಲ್ಲಾಗುತ್ತೆ. ಮೊದಲ ಮಳೆಯಲ್ಲೇ ರೌಂಡ್ಅಬೌಟಿನಲ್ಲಿ ಹಿಂಭಾಗ ಮುಂದಕ್ಕೆ ಬರೋಕೆ ನೋಡಿತು. ಹದಿಮೂರು ಇಂಚಿನ ಟೈರಿಗೆ ಈಗ ಆಯ್ಕೆಯೂ ಕಮ್ಮಿ. ನಾಲ್ಕಕ್ಕೆ 268 ಪೌಂಡ್.

ಬ್ರೇಕ್ ವಿಷಯಕ್ಕೆ ಬಂದರೆ ಅಲ್ಲಿ ನನ್ನದೇ ದಡ್ಡತನ ಜಾಸ್ತಿ. ಉಕ್ಕಿನ ಬ್ರೇಕ್ ಪೈಪುಗಳು ತುಕ್ಕು ಹಿಡಿದಿವೆ ಅಂತ ಎಂಓಟಿಯಲ್ಲಿ ಬರೆದುಕೊಟ್ಟರು. ಹೊಸದಕ್ಕೆ ತಾಮ್ರ-ನಿಕಲ್ ಮಿಶ್ರಲೋಹದ ಪೈಪು ತಂದೆ, 4.75 ಮಿಮೀ ದಪ್ಪದ್ದು. ಕೈಯಲ್ಲೇ ಬಾಗುತ್ತೆ, ತುಕ್ಕು ಹಿಡಿಯಲ್ಲ. ಕೊಯ್ದು, ನಟ್ಟು ತೂರಿಸಿ, ತುದಿಯನ್ನ ಫ್ಲೇರಿಂಗ್ ಟೂಲಿನಲ್ಲಿ ಒತ್ತಿ ಅಣಬೆಯ ಹಾಗೆ ಅಗಲ ಮಾಡಬೇಕು. ಆ ಅಣಬೆ ತಲೆಯೇ ಬಿರಡೆ, ಅದು ಓರೆಯಾದರೆ ಆಯಿಲ್ ಒಸರುತ್ತೆ. ಹದಿನೆಂಟು ಪೌಂಡಿನ ಟೂಲ್ ತಂದೆ. ಹತ್ತು ಫ್ಲೇರಿಗೆ ಏಳು ಓರೆ. ಪೈಪನ್ನ ಹಿಡಿಯುವ ಹಲ್ಲು ಸಡಿಲ, ಒತ್ತಿದ ಹಾಗೆ ಪೈಪು ಹಿಂದಕ್ಕೆ ಜಾರುತ್ತಿತ್ತು. ಆಮೇಲೆ ವೈಸಿಗೆ ಸಿಕ್ಕಿಸುವ, ಉದ್ದ ಹಿಡಿಯ ಟೂಲನ್ನ 140 ಪೌಂಡ್ ಕೊಟ್ಟು ತಂದೆ. ಆವತ್ತಿನಿಂದ ಒಂದೂ ಕೆಟ್ಟಿಲ್ಲ. ಈ ರಿವ್ಯೂನಲ್ಲಿ ಒಂದೇ ಒಂದು ಸಾಮಾನು ತಗೊಳ್ಳಿ ಅಂತ ನಾನು ಒತ್ತಾಯ ಮಾಡೋದಾದರೆ ಇದನ್ನ. ಇದ್ದೂ ಏನು, ಮುಂದಿನಿಂದ ಹಿಂದಿನವರೆಗೆ ಹೋಗುವ ಉದ್ದನೆಯ ಪೈಪನ್ನ ನಲವತ್ತು ನಿಮಿಷ ಬಾಗಿಸಿ, ಚಾಸಿಗೆ ಒಪ್ಪವಾಗಿ ಕೂರಿಸಿ, ಎರಡೂ ತುದಿ ಫ್ಲೇರ್ ಮಾಡಿ ನೋಡಿದರೆ ಒಂದು ನಟ್ಟು ಮೇಜಿನ ಮೇಲೆ ನನ್ನನ್ನೇ ನೋಡುತ್ತಾ ಕೂತಿತ್ತು. ಫ್ಲೇರ್ ಆದಮೇಲೆ ಅದು ಹೋಗಲ್ಲ. ಕೊಯ್ದು ಮತ್ತೆ ಮೊದಲಿಂದ.

ಬ್ರೇಕ್ ಪೈಪಿನೊಳಗೆ ಸೇರಿದ ಏರ್ ತೆಗೆಯೋಕೆ ಇನ್ನೊಬ್ಬರು ಬೇಕು. ಹೆಂಡತಿ ಕೋಟು ಹಾಕಿಕೊಂಡು, ಮೇಲೆ ಶಾಲು ಹೊದ್ದು, ಬಾಗಿಲಿಲ್ಲದ ಗಾಡಿಯೊಳಕ್ಕೆ ಕಾಲು ಎತ್ತಿ ಹಾಕಿ ಕೂತಳು.

“ಹೊಡಿ. ಹೊಡಿ. ಇನ್ನೊಂದ್ಸಲ. ಹಿಡ್ಕೊ.”

“ಹಿಡ್ಕೊಂಡಿದೀನಿ.”

“ಬಿಡ್ಬೇಡ, ಬಿಡ್ಬೇಡ... ಹೂಂ, ಈಗ ಬಿಡು.”

“ಅಲ್ಲಾ ರೀ, ಈ ಬ್ರೇಕ್ ಹಿಡಿಯುತ್ತೆ ಅಂತ ನೀವು ನಂಬಿ ಓಡಿಸ್ತೀರಾ?”

ನಂಬುತ್ತೇನೆ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸುತ್ತೇನೆ. ಡಾಟ್ 4 ದರ್ಜೆಯ ಈ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ, ನೀರು ಸೇರಿದರೆ ಇಳಿಜಾರಿನಲ್ಲಿ ಕುದ್ದು ಪೆಡಲ್ ಸ್ಪಂಜಾಗುತ್ತೆ.

ಇಂಜಿನ್ನಿನ ಕಾಯಿಲೆ ಕಂಡುಹಿಡಿದದ್ದು ಅಪ್ಪ, ಹಾಸನದಲ್ಲಿ ಕೂತು. ಅವರು ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ರಿಟೈರ್ ಆಗಿ ಹದಿನಾಲ್ಕು ವರ್ಷ ಆಯಿತು. ಗಾಡಿ ಸ್ಟಾರ್ಟ್ ಮಾಡಿ ಫೋನನ್ನ ಬಾನೆಟ್ ಹತ್ತಿರ ಹಿಡಿದೆ.

“ರೇಸ್ ಕೊಡು. ಸಾಕು ಬಿಡು. ಟ್ಯಾಪೆಟ್ ಸದ್ದು ಕಣೋ ಅದು.”

“ಹೋದ ವಾರವಷ್ಟೇ ಸೆಟ್ ಮಾಡಿದೆ ಅಪ್ಪಾ. ಇನ್‌ಲೆಟ್ 0.20, ಎಕ್ಸಾಸ್ಟ್ 0.25, ಇಂಜಿನ್ ತಣ್ಣಗಿದ್ದಾಗ.”

“ಸೆಟ್ ಮಾಡಿದ ಮೇಲೂ ಒಂದೇ ಕಡೆ ಬಡೀತಿದೆ ಅಂದ್ರೆ ಅಲ್ಲಿ ಸವೆದಿದೆ. ಕವರ್ ತೆಗೆದು ಬೆರಳಲ್ಲಿ ಮುಟ್ಟಿ ನೋಡು.”

ಮುಟ್ಟಿ ನೋಡಿದೆ. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ಕ್ಯಾಮಿನ (ವಾಲ್ವನ್ನ ಒತ್ತಿ ತೆರೆಯುವ ಉಬ್ಬಿನ) ಮೂತಿ ಮಿಕ್ಕವುಗಳ ಹಾಗೆ ನುಣುಪಾಗಿರಲಿಲ್ಲ, ಅಕ್ಕಿ ತರಿ ಮುಟ್ಟಿದ ಹಾಗಿತ್ತು. ಪಿಂಟೊದಲ್ಲಿ ಕ್ಯಾಮ್ ಮೇಲೆ ಆಯಿಲ್ ಚಿಮುಕಿಸೋಕೆ ಒಂದು ತೆಳ್ಳನೆಯ ಕೊಳವೆ ಇದೆ, ಸ್ಪ್ರೇ ಬಾರ್ ಅನ್ನುತ್ತಾರೆ. ಸೂಜಿ ಮೊನೆಯಷ್ಟು ತೂತುಗಳು. ಆಯಿಲ್ ಬದಲಾಯಿಸದೆ ಬಿಟ್ಟರೆ ಕಪ್ಪು ಗಸಿ ಅದರಲ್ಲಿ ಕಟ್ಟಿಕೊಳ್ಳುತ್ತೆ, ಆ ಒಂದು ಕ್ಯಾಮಿಗೆ ಮಾತ್ರ ಆಯಿಲ್ ಇಲ್ಲ. ನನಗಿಂತ ಮುಂಚೆ ಇದ್ದವರು ಆರು ವರ್ಷ ಆಯಿಲ್ ಬದಲಾಯಿಸಿದ ರಸೀದಿ ಫೈಲಿನಲ್ಲಿಲ್ಲ. ‘ಓಡಿಸೇ ಇಲ್ಲವಲ್ಲ, ಯಾಕೆ ಬದಲಾಯಿಸಬೇಕು’ ಅಂದುಕೊಂಡಿರಬೇಕು. ನಿಂತ ಗಾಡಿಯ ಆಯಿಲ್ಲೂ ಹಳಸುತ್ತೆ.

ಕ್ಯಾಮ್ ಈಚೆ ಬರೋದು ಹೆಡ್ಡಿನ ಹಿಂಭಾಗದಿಂದ. ಅಲ್ಲಿ ಇಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ ಗೋಡೆ ಅಡ್ಡ. ಹಾಗಾಗಿ ಹೆಡ್ಡೇ ಇಳಿಸಬೇಕಾಯಿತು. ಕ್ಯಾಮ್, ಅದರ ಒತ್ತಡವನ್ನ ವಾಲ್ವಿಗೆ ಮುಟ್ಟಿಸುವ ಎಂಟು ಫಾಲೋಯರ್, ಹೊಸ ಸ್ಪ್ರೇ ಬಾರ್ ಸೆಟ್ಟಾಗಿಯೇ ಹಾಕಬೇಕು. ಹಳೇ ಫಾಲೋಯರ್ ಜೊತೆ ಹೊಸ ಕ್ಯಾಮ್ ಹಾಕಿದರೆ ಅದನ್ನೂ ಅದು ತಿನ್ನುತ್ತೆ. ಹೊಸ ಕ್ಯಾಮ್ ಹಾಕಿ ಮೊದಲ ಸಲ ಸೆಲ್ಫ್ ಹೊಡೆದಾಗ ಐಡಲಿಂಗ್‌ನಲ್ಲಿ ಬಿಡುವ ಹಾಗಿಲ್ಲ. ಸ್ಟಾರ್ಟ್ ಆದ ತಕ್ಷಣ 2000ದಿಂದ 2500 ಆರ್‌ಪಿಎಂಗೆ ಏರಿಸಿ ಇಪ್ಪತ್ತು ನಿಮಿಷ ಹಿಡಿದಿರಬೇಕು. ಭಾನುವಾರ ಬೆಳಿಗ್ಗೆ, ಸೈಲೆನ್ಸರ್ ಹೆಸರಿಗೆ ಮಾತ್ರ ಇರುವ ಗಾಡಿ. ಹತ್ತನೇ ನಿಮಿಷಕ್ಕೆ ಪಕ್ಕದ ಮನೆ ತಾತ ಡ್ರೆಸ್ಸಿಂಗ್ ಗೌನಿನಲ್ಲೇ ಬಂದು ನಿಂತರು. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಕಿವಿ ಹತ್ತಿರ ಬಾಗಿ, ಚಿಕ್ಕವರಿದ್ದಾಗ ತಮ್ಮ ಬಳಿ ಫೋರ್ಡ್ ಕಾರ್ಟಿನಾ ಇತ್ತು ಅಂತ ಕೂಗಿ ಹೇಳಿ, ಮಿಕ್ಕ ಹತ್ತು ನಿಮಿಷ ಅಲ್ಲೇ ನಿಂತಿದ್ದರು.

ಈಗ ಸದ್ದಿಲ್ಲ. ಬೆಲ್ಟು ಮಾತ್ರ ಭಯವಿಲ್ಲದ ವಿಷಯ. ಈ ಇಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಕಿತ್ತರೂ, ಕಂಪನಿ ಕೊಟ್ಟ ಹಾಗೇ ಇಟ್ಟಿದ್ದರೆ, ವಾಲ್ವು ಪಿಸ್ಟನ್ನಿಗೆ ಬಡಿಯಲ್ಲ.

ಪೆಟ್ರೋಲ್ ಬಗ್ಗೆ ಒಂದು ಮಾತು. 2021ರ ಸೆಪ್ಟೆಂಬರಿನಿಂದ ಇಲ್ಲಿ ಮಾಮೂಲಿ ಪೆಟ್ರೋಲೆಲ್ಲ ಇ10, ನೂರರಲ್ಲಿ ಹತ್ತು ಪಾಲಿನವರೆಗೆ ಎಥನಾಲ್. ಹಳೇ ರಬ್ಬರ್ ಪೈಪುಗಳಿಗೆ ಅದು ಆಗಿಬರಲ್ಲ. ಗ್ಯಾರೇಜಿನಲ್ಲಿ ವಾಸನೆ ಬರುತ್ತಿತ್ತು, ಪೈಪು ಬಾಗಿಸಿ ನೋಡಿದರೆ ಒಣಗಿದ ನೆಲದ ಹಾಗೆ ಬಿರುಕು. ‘ಆರ್9’ ಅಂತ ಮೈಮೇಲೆ ಬರೆದ ಪೈಪು ಹಾಕಿ, ಸೂಪರ್ ಅನ್‌ಲೆಡೆಡ್ ಇ5 ಹಾಕಿಸುತ್ತೇನೆ. ಊರಿನಲ್ಲಿ ಹಳೇ ಜೀಪು, ಯೆಜ್ಡಿ ಇಟ್ಟುಕೊಂಡಿರುವ ಗೆಳೆಯರೂ ಆ ಪೈಪುಗಳನ್ನ ಒಮ್ಮೆ ಬಾಗಿಸಿ ನೋಡಿ, ಅಲ್ಲೂ ಈಗ ಎಥನಾಲ್ ಬೆರೆಸಿದ್ದೇ ಸಿಗೋದು.

ಓಡಿಸೋಕೆ ಹೇಗಿದೆ? ಮ್ಯಾಟ್ಲಾಕ್ ದಾಟಿ ಬಕ್ಸ್‌ಟನ್ ಕಡೆಗೆ ಹೋಗುವ ಎ6 ರಸ್ತೆಯಲ್ಲಿ ಐವತ್ತು ಮೈಲಿ ವೇಗಕ್ಕೇ ನಾನು ತೊಂಬತ್ತರಲ್ಲಿ ಹೋದ ಹಾಗೆ ಹಲ್ಲು ಕಚ್ಚಿರುತ್ತೇನೆ. ಕೈ ಇಳಿಬಿಟ್ಟರೆ ರಸ್ತೆ ಸಿಗುತ್ತೆ. ಲಾರಿಯ ಚಕ್ರದ ನಟ್ಟು ನನ್ನ ಕಣ್ಣಿನ ಮಟ್ಟಕ್ಕಿರುತ್ತೆ. ಸ್ಟೀರಿಂಗಿಗೆ ಪವರ್ ಇಲ್ಲ, ಬೇಕಾಗಿಯೂ ಇಲ್ಲ. ಬೆರಳು ಅಲುಗಿದಷ್ಟು ಮೂತಿ ತಿರುಗುತ್ತೆ. ಕಾಫಿ ಕುಡಿಯೋಕೆ ನಿಲ್ಲಿಸಿದಲ್ಲೆಲ್ಲ ಯಾರಾದರೂ ಬಂದು ಮಾತಾಡಿಸುತ್ತಾರೆ, ಇಂಗ್ಲೆಂಡಿನಲ್ಲಿ ಅಪರಿಚಿತರು ತಾವಾಗಿಯೇ ಬಂದು ಮಾತಾಡೋದು ಅಂದರೆ ಸಣ್ಣ ವಿಷಯವಲ್ಲ. ಮಳೆ ಬಂದರೆ ಮಾತ್ರ ನೆನೆಯಬೇಕು, ಅದಕ್ಕೆ ಉಪಾಯವಿಲ್ಲ. ಒಂದು ಸಲ ಬಕ್ಸ್‌ಟನ್‌ನಿಂದ ಮನೆಗೆ ಬರೋವರೆಗೆ ಸುರಿಯಿತು. ಸೀಟಿನಲ್ಲಿ ನಿಂತ ನೀರನ್ನ ಚಹಾ ಲೋಟದಲ್ಲಿ ಮೊಗೆದು ಚೆಲ್ಲಿದೆ.

ಲೆಕ್ಕ ಹೇಳಿಬಿಡುತ್ತೇನೆ. ಗಾಡಿಗೆ 2,650, ಮೂರು ವರ್ಷದಲ್ಲಿ ಸಾಮಾನಿಗೆ 1,940. ಕಿಟ್ ಕಾರುಗಳಿಗಂತಲೇ ವಿಮೆ ಕೊಡುವವರಿದ್ದಾರೆ, ವರ್ಷಕ್ಕೆ ಮೂರು ಸಾವಿರ ಮೈಲಿ ಮೀರಲ್ಲ ಅಂತ ಬರೆದುಕೊಟ್ಟಿದ್ದೇನೆ, 165 ಪೌಂಡ್. ಎಂಓಟಿಗೆ ಗರಿಷ್ಠ 54.85. ಲೇಬರ್ ಚಾರ್ಜು ಸೊನ್ನೆ, ಬೆನ್ನುನೋವನ್ನ ಲೆಕ್ಕಕ್ಕೆ ಹಿಡಿಯದಿದ್ದರೆ. ಇದರಲ್ಲಿ ಎಲ್ಲವೂ ಕೈಗೆ ಸಿಗುತ್ತೆ. ನನ್ನ ದಿನಬಳಕೆಯ ಕಾರಿನಲ್ಲಿ ಹೆಡ್‌ಲೈಟ್ ಬಲ್ಬ್ ಹಾಕೋಕೆ ಬಂಪರ್ ಬಿಚ್ಚಬೇಕು. ಇದರಲ್ಲಿ 13ರ ಪಾನಾ ಒಂದಿದ್ದರೆ ಅರ್ಧ ಗಾಡಿ ಬಿಚ್ಚಬಹುದು.

ಐದಕ್ಕೆ ಎಷ್ಟು ಅಂತ ಕೇಳಿದರೆ ವೆಲ್ಡಿಂಗಿಗೆ ಐದು, ವೈರಿಂಗಿಗೆ ಸೊನ್ನೆ, ನಡುವೆ ಎಲ್ಲೋ ಗಾಡಿ. ಆರಡಿ ದಾಟಿದವರು ಬೇಡ, ಕಾಲು ಹಿಡಿಸಲ್ಲ. ಬೂಟಿನ ಅಗಲವೂ ನೋಡಿಕೊಳ್ಳಿ, ಪೆಡಲುಗಳು ಎಷ್ಟು ಹತ್ತಿರ ಇವೆ ಅಂದರೆ ನಾನು ಹಳೇ ಕ್ಯಾನ್ವಾಸ್ ಶೂ ಒಂದನ್ನ ಇದಕ್ಕೇ ಅಂತ ಇಟ್ಟಿದ್ದೇನೆ. ಗ್ಯಾರೇಜ್ ಇಲ್ಲದವರೂ ಬೇಡ. ರಸ್ತೆ ಬದಿ ಹೊದಿಕೆ ಹಾಕಿ ನಿಲ್ಲಿಸುತ್ತೇನೆ ಅನ್ನುವವರು ಎರಡೇ ಚಳಿಗಾಲದಲ್ಲಿ ಮಾರುತ್ತಾರೆ. ಅವರಿಂದಲೇ ನೀವು ಕೊಳ್ಳಬೇಕು, ಏಪ್ರಿಲ್‌ನಲ್ಲಲ್ಲ, ನವೆಂಬರಿನಲ್ಲಿ.

ಹೋದ ತಿಂಗಳು ಬೆಂಕಿ ಆರಿಸೋ ಸಿಲಿಂಡರ್ ಕೂರಿಸೋಕೆ ಸೀಟು ತೆಗೆದು ತಗಡಿಗೆ ಡ್ರಿಲ್ ಹಾಕಿದೆ. ಅಳತೆ ಎರಡು ಸಲ ತೆಗೆದಿದ್ದೆ, ಆದರೂ ಕೆಳಗೆ ಕೊಳವೆ ಸಿಕ್ಕಿತು. ಪಕ್ಕಕ್ಕೆ ಸರಿದು ಇನ್ನೊಂದು ತೂತು ಹೊಡೆಯಬೇಕಾಯಿತು. ಹಳೇ ಪೆನ್ಸಿಲ್ ಬರಹದ ಕೆಳಗೆ ಜಾಗವಿತ್ತು, ‘ಇದೂ ಅಲ್ಲ’ ಅಂತ ಬರೆದಿಟ್ಟೆ. ಐದನೇ ಮಾಲೀಕರಿಗೆ ಕನ್ನಡ ಬಂದರೆ ಓದಿಕೊಳ್ಳಲಿ.

ಗೇರ್‌ಬಾಕ್ಸಿನ ಹಿಂದಿನ ಸೀಲ್ ಮಾತ್ರ ಎರಡು ಸಲ ಬದಲಾಯಿಸಿದರೂ ಸೋರುತ್ತಿದೆ. ಕೆಳಗೆ ಐಸ್‌ಕ್ರೀಂ ಡಬ್ಬಿಯ ಮುಚ್ಚಳ ಇಟ್ಟಿದ್ದೇನೆ. ವಾರಕ್ಕೆ ಒಂದು ಚಮಚ ಬೀಳುತ್ತೆ. ಶಾಫ್ಟ್ ಕೂರುವ ಬುಶ್ ಸವೆದಿರಬೇಕು, ಸೀಲಿನ ತಪ್ಪಲ್ಲ ಅಂತ ಅಪ್ಪ ಹೇಳುತ್ತಿದ್ದಾರೆ.